ಮಣ್ಣಿನ ಮನೆ ಪ್ಯಾಕೇಜ್ ಅಂತ ಅಡ್ವಾನ್ಸ್ ಕೊಡೋಕೆ ಹೊರಟಿರೋರು ದಯವಿಟ್ಟು ನಿಲ್ಲಿ, ಇದನ್ನ ಓದಿ

ಕಾಡಂಚಲ್ಲಿ ಜಮೀನು ಇರೋರು, ಜಗಳೂರು ತಾಲ್ಲೂಕಲ್ಲಿ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ ಸುತ್ತ ಇರೋರು, ಆ ಕಡೆ ಚಿತ್ರದುರ್ಗದ ಜೋಗಿಮಟ್ಟಿ ಪಕ್ಕ ಇರೋರು ಪೂರ್ತಿ ಓದ್ರಿ. "ಇಕೋ ಮನೆ ಸಾರ್, ಮಣ್ಣಿನ ಬ್ಲಾಕು, ಎಸಿ ಬೇಡ, ಕರೆಂಟ್ ಬಿಲ್ ಬರಲ್ಲ, ಫಾರೆಸ್ಟ್ ಎನ್‌ಒಸಿ (ಅರಣ್ಯ ಇಲಾಖೆಯಿಂದ ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ನಮ್ಮ ಜವಾಬ್ದಾರಿ" ಅಂತ ದಾವಣಗೆರೇಲಿ ಆಫೀಸ್ ಇಟ್ಕೊಂಡು ಒಬ್ಬ ಕನ್ಸಲ್ಟೆಂಟ್ ಓಡಾಡ್ತಾ ಇದಾನೆ. ನಮ್ಮ 2 ಲಕ್ಷ ಅವನ ಹತ್ರ ಐತೆ. ಸ್ಟೇಷನ್‌ಗೆ ಕಂಪ್ಲೇಂಟ್ ಕೊಟ್ಟಿರೋದ್ರಿಂದ ಹೆಸರು ಹಾಕ್ತಾ ಇಲ್ಲ.

ಜಮೀನು ಅಪ್ಪಾಜಿ ಹೆಸರಲ್ಲಿದೆ, ಅಭಯಾರಣ್ಯದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ. ಪಹಣಿ, ಮ್ಯುಟೇಷನ್, ಸರ್ವೆ ಎಲ್ಲಾ ಸರಿ ಇತ್ತು. ನಾವು ಕೇಳಿದ್ದು ಅಪ್ಪ ಅಮ್ಮ ಇರೋಕೆ 1000 ಚದರ ಅಡಿ ಒಂದು ಮನೆ, ತಂಪಾಗಿರ್ಬೇಕು, ಕಾಡಿಗೆ ತೊಂದರೆ ಆಗಬಾರದು, ಅಷ್ಟೇ. ರೈತರು ಸ್ವಂತ ಹಿಡುವಳಿಯಲ್ಲಿ ನೂರಕ್ಕೆ 10 ಭಾಗ ಮೀರದ ಹಾಗೆ ತೋಟದ ಮನೆ ಕಟ್ಕೊಂಡ್ರೆ ಕನ್ವರ್ಷನ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಅನುಮತಿ) ಬೇಡ, ಅದು ಲ್ಯಾಂಡ್ ರೆವಿನ್ಯೂ ಕಾಯ್ದೆಯಲ್ಲೇ ಇದೆ, ಅದನ್ನ ಅವನು ಸರಿಯಾಗೇ ಹೇಳಿದ, ಅದಕ್ಕೇ ಉಳಿದಿದ್ದೂ ನಿಜ ಅನ್ನಿಸ್ತು. ಆದ್ರೆ ಪ್ಲಾನಲ್ಲಿ ನಾವು ಕೇಳದೇ ಇರೋ ಎರಡು ಕಾಟೇಜು ಬಂದ್ವು. "ಹೋಂಸ್ಟೇ ಮಾಡ್ರಿ ಸಾರ್, ಹಾಕಿದ ದುಡ್ಡು ವಾಪಸ್ ಬರುತ್ತೆ." ಬೇಡ ಅಂದೆ. "ಡ್ರಾಯಿಂಗಲ್ಲಿ ಇರ್ಲಿ ಸಾರ್, ಆಮೇಲೆ ತೆಗೆಯೋಣ" ಅಂದ. ಅಡ್ವಾನ್ಸ್ ಕೊಟ್ಟ ದಿನಾನೇ ಅಪ್ಪಾಜಿ ಹತ್ರ ಎರಡು ಖಾಲಿ ಹಾಳೆ ಮೇಲೆ ಸಹಿ ತಗೊಂಡಿದ್ದ, ಅರ್ಜಿ ಟೈಪ್ ಮಾಡಿಸೋಕೆ ಅಂತ.

ಸ್ವಲ್ಪ ದಿನ ಬಿಟ್ಟು ವಾಟ್ಸಾಪಲ್ಲಿ ಒಂದು ಪಿಡಿಎಫ್ ಬಂತು. "ಎನ್‌ಒಸಿ ಆಯ್ತು ಸಾರ್, ಕಂಗ್ರಾಟ್ಸ್." ಕೆಳಗೆ ದುಂಡನೆ ನೇರಳೆ ಸೀಲು, ಸಹಿ, ತಾರೀಖು. ಮನೆಯಲ್ಲಿ ಎಲ್ರಿಗೂ ತೋರಿಸಿದ್ವಿ. ಊರಲ್ಲೂ ಹೇಳಾಯ್ತು.

ಬೇರೆ ಕೆಲಸಕ್ಕೆ ಅಪ್ಪಾಜಿ ಜೊತೆ ಅರಣ್ಯ ಇಲಾಖೆ ಕಚೇರಿಗೆ ಹೋದಾಗ ಅಲ್ಲಿ ಕೂತಿದ್ದವರಿಗೆ ಆ ಪಿಡಿಎಫ್ ತೋರಿಸಿದೆ. ಅವರು ಫೋನ್ ಇಸ್ಕೊಂಡು ಸೀಲನ್ನ ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದ್ರು. "ಸ್ವೀಕರಿಸಲಾಗಿದೆ" ಅಂತಿತ್ತು. "ಇದು ಟಪಾಲು ಸೀಲು ಕಣ್ರಿ, ನಿಮ್ಮ ಅರ್ಜಿ ನಮಗೆ ಮುಟ್ಟಿದೆ ಅಂತ ಹಾಕೋದು, ಇದು ಎನ್‌ಒಸಿ ಅಲ್ಲ. ಅರ್ಜಿಯಲ್ಲಿ ಎರಡು ಹೋಂಸ್ಟೇ ಕಾಟೇಜು ಅಂತ ಬರೆದಿದೀರಲ್ಲ, ಇದು ಹೆಂಗೆ ಆಗುತ್ತೆ?" ಅಂದ್ರು. ಅಪ್ಪಾಜಿ ತಮ್ಮ ಸಹೀನೇ ನೋಡ್ತಾ ನಿಂತಿದ್ರು, ಒಂದು ಮಾತೂ ಆಡಲಿಲ್ಲ. ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ, ಇವತ್ತಿಗೂ ಅದು ನೆನಪಾದ್ರೆ ಮೈ ಉರಿಯುತ್ತೆ.

ಅವರೇ ಕೂರಿಸಿ ತಿಳಿಸಿ ಹೇಳಿದ್ರು. ಅಭಯಾರಣ್ಯದ ಸುತ್ತ ಇಕೋ ಸೆನ್ಸಿಟಿವ್ ಜೋನ್ (ಕಾಡು ಕಾಪಾಡೋಕೆ ಕೆಲವು ಕೆಲಸಗಳಿಗೆ ನಿರ್ಬಂಧ ಇರೋ ಪ್ರದೇಶ) ಇರೋ ಕಡೆ ಅಲ್ಲಿನ ಜನ ಸ್ವಂತ ವಾಸಕ್ಕೆ ಸ್ವಂತ ಜಮೀನಲ್ಲಿ ನಿಯಮದ ಪ್ರಕಾರ ಮನೆ ಕಟ್ಟಬಹುದು, ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಹೊಸದಾಗಿ ಹೋಟೆಲ್ಲು ರೆಸಾರ್ಟು ಬಿಡಲ್ಲ, ಮರ ಕಡಿಯೋಕೂ ಪರ್ಮಿಷನ್ ಬೇಕು. ಅಂದ್ರೆ ನಾವು ಕೇಳಿದ ಮನೆಗೆ ದಾರಿ ಇತ್ತು! ಅವನು ಸೇರಿಸಿದ ಕಾಟೇಜಿಂದ ಅರ್ಜಿನೇ ಕೆಡ್ತು.

ಫೋನ್ ಮಾಡಿದೆ. "ಅಪ್ಲೈ ಆಗಿದೆಯಲ್ಲ ಸಾರ್, ಅವರೇನು ಬೇಡ ಅಂದಿಲ್ವಲ್ಲ" ಅಂದ. ಎನ್‌ಒಸಿ ಆಯ್ತು ಅಂತ ಯಾಕೆ ಕಳ್ಸಿದೆ ಅಂದ್ರೆ "ಪ್ರೋಸೆಸ್ ಆಯ್ತು ಅಂದೆ ಸಾರ್, ನೀವು ತುಂಬಾ ನೆಗೆಟಿವ್ ಥಿಂಕ್ ಮಾಡ್ತೀರ." ಆಮೇಲೆ ಮೂರು ದಿನ ಫೋನ್ ಎತ್ತಲಿಲ್ಲ.

ಬ್ಲಾಕಿನ ಕಥೆ ಇನ್ನೊಂದು. ನಮ್ಮದು ಎರೆ ಮಣ್ಣು. ಎರೆ ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ, ಹೊಲ ಉಳೋ ಎಲ್ಲರಿಗೂ ಗೊತ್ತು. ಒತ್ತಿದ ಮಣ್ಣಿನ ಬ್ಲಾಕಿಗೆ ಮರಳು ಜಾಸ್ತಿ ಇರೋ ಕೆಂಪು ಮಣ್ಣು ಬೇಕು, ನೂರಕ್ಕೆ 5ರಿಂದ 8 ಭಾಗ ಸಿಮೆಂಟು ಬೇಕು, ಮೂರು ನಾಕು ವಾರ ನೀರು ಹೊಡೆದು ಕ್ಯೂರಿಂಗ್ ಮಾಡ್ಬೇಕು. ಇವನು "ಸೈಟಿನ ಮಣ್ಣೇ ಸಾರ್, ಅದೇ ಸಸ್ಟೇನಬಲ್" ಅಂತ ನಮ್ಮ ಎರೆಯಲ್ಲೇ ಸ್ಯಾಂಪಲ್ ಒತ್ತಿಸಿದ್ದ. ನಮ್ಮೂರಿನ ಹಿರಿಯ ಮೇಸ್ತ್ರಿ ಒಬ್ರು ಒಂದು ಬ್ಲಾಕು ತಗೊಂಡು ಬಕೆಟ್ ನೀರಲ್ಲಿ ಇಟ್ರು. ಬೆಳಿಗ್ಗೆ ನೋಡಿದ್ರೆ ಅಂಬಲಿ ಆಗಿತ್ತು, ಮೂಲೆ ಎಲ್ಲಿ ಅಂತ ಕೈಗೆ ಸಿಗಲಿಲ್ಲ. ಫೋಟೋ ಕಳ್ಸಿದ್ದಕ್ಕೆ ಬಂದ ಉತ್ತರ ನೋಡ್ರಿ, "ನ್ಯಾಚುರಲ್ ಮೆಟೀರಿಯಲ್ ಸಾರ್, ಅದು ಬ್ರೀದ್ ಮಾಡುತ್ತೆ." ನಮ್ಮ ಸೀಮೆಯ ಹಳೇ ಮಾಳಿಗೆ ಮನೆಗಳು ಚಾವಣಿ ಮೇಲೆ ಕರಲು (ಚೌಳು) ಮಣ್ಣು ಹೊದ್ದು ತಲೆಮಾರುಗಟ್ಟಲೆ ನಿಂತಿವೆ, ಯಾವ ಮಣ್ಣು ಎಲ್ಲಿಗೆ ಅಂತ ತಿಳಿದ ಜನ ಕಟ್ಟಿದ್ರು. ಮಣ್ಣಿನ ಮನೆ ಮೇಲೆ ನನಗೆ ಬೇಜಾರಿಲ್ಲ, ಈಗಲೂ ಅದೇ ಬೇಕು.

ಮಳೆ ನೀರಿನ ತೊಟ್ಟಿನೂ ಹಂಗೇ, ಒಂದು ಲಕ್ಷ ಲೀಟರ್ ಬರೆದಿದ್ದ. 93 ಚದರ ಮೀಟರ್ ಚಾವಣಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಹಿಡಿದ್ರೆ ಒಂದು ಹನಿ ಬಿಡದೇ ಕೂಡಿಟ್ರೂ 46 ಸಾವಿರ ಲೀಟರ್ ಆಸುಪಾಸು. ಬರದ ತಾಲ್ಲೂಕಲ್ಲಿ ಯಾರಿಗೆ ಹೇಳ್ತಾನೆ ಈ ಲೆಕ್ಕ?

ದುಡ್ಡು ವಾಪಸ್ ಕೇಳಿದ್ರೆ "ಅಡ್ವಾನ್ಸು ಡಿಸೈನ್ ಫೀಸಿಗೆ ಅಡ್ಜಸ್ಟ್ ಆಯ್ತು" ಅಂತಾನೆ. ರಸೀದಿಯಲ್ಲಿ "ಕನ್ಸಲ್ಟೇಷನ್" ಅಂತ ಒಂದೇ ಪದ.

ಎನ್‌ಒಸಿ ಅಂತ ಯಾರಾದ್ರೂ ಪಿಡಿಎಫ್ ಕಳ್ಸಿದ್ರೆ ನೀವೇ ಕಚೇರಿಗೆ ಹೋಗಿ ಕೇಳ್ರಿ. ಖಾಲಿ ಹಾಳೆಗೆ ಅಪ್ಪ ಅಮ್ಮನ ಸಹಿ ಹಾಕಿಸಬೇಡ್ರಿ, ಯಾರು ಎಷ್ಟೇ ನಯವಾಗಿ ಕೇಳಲಿ. ಬ್ಲಾಕನ್ನ ಒಂದು ರಾತ್ರಿ ನೀರಲ್ಲಿಟ್ಟು ನೋಡ್ರಿ. ಈಗ ಯಾರ ಜೊತೆಯಾದ್ರೂ ಇಂಥ ಪ್ಯಾಕೇಜ್ ಮಾತು ನಡೀತಾ ಇದ್ರೆ ನನಗೊಂದು ಮೆಸೇಜ್ ಹಾಕ್ರಿ, ಆ ಸೀಲಿನ ಫೋಟೋ ಕಳಿಸ್ತೀನಿ, ನಿಮಗೆ ಬಂದಿರೋದರ ಪಕ್ಕ ಇಟ್ಟು ನೋಡ್ಕೊಳ್ರಿ.