ಒಣ ಎಲೆಕ್ಟ್ರೋಡೋ, ಪೇಸ್ಟ್ ಹಚ್ಚುವುದೋ?

ನೆತ್ತಿಯ ಮೇಲೆ ಸಿಗುವ ಮಿದುಳಿನ ಅಲೆಯ ಬಲ ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. ಹಾಗಾಗಿ ಈ ಅಲೆಗಳನ್ನು ಅಳೆಯುವ ಇಇಜಿ ಹೆಡ್‌ಸೆಟ್ ಕೊಳ್ಳಲು ಹೊರಟಿರುವ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚಾನೆಲ್‌ಗಳನ್ನು (ತಲೆಯ ಒಂದೊಂದು ಜಾಗದಿಂದ ಬರುವ ಸಂಕೇತಗಳನ್ನು) ಎಣಿಸುವ ಮೊದಲು, ಅಲೆ ಹಿಡಿಯಲು ಚರ್ಮಕ್ಕೆ ತಾಗಿಸುವ ಎಲೆಕ್ಟ್ರೋಡ್ ಎಂಥದ್ದೆಂದು ನೋಡಬೇಕು.

ಒಣ ಎಲೆಕ್ಟ್ರೋಡ್ ಥಟ್ಟನೆ ತಲೆಗೇರುತ್ತದೆ, ತೊಳೆಯುವ ತಾಪತ್ರಯವಿಲ್ಲ. ಆದರೆ ದಟ್ಟ ಕೂದಲು ಮತ್ತು ಅದಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆ ಅದರ ವೈರಿಗಳು. ನಮ್ಮ ಚಳಿಗಾಲದ ಒಣಹವೆಗೆ ಚರ್ಮ ಬಿರಿದಾಗ ಸಂಪರ್ಕ ಇನ್ನಷ್ಟು ಕೆಡುತ್ತದೆ. ತಲೆ ಅಲುಗಿದರೆ ಸಾಕು, ಪರದೆಯ ಮೇಲಿನ ಗೆರೆ ಕುಣಿಯುತ್ತದೆ.

ವಿದ್ಯುತ್ ಹರಿಯಬಿಡುವ ಪೇಸ್ಟ್ ತುಂಬುವ ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡಿಗೆ ತಾಳ್ಮೆ ಬೇಕು. ಬೈತಲೆ ತೆಗೆದಂತೆ ಕೂದಲು ಸರಿಸಿ, ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಒತ್ತಬೇಕು. ಮುಗಿದ ಬಳಿಕ ತಲೆಸ್ನಾನ ತಪ್ಪದು. ಆದರೂ ನನ್ನ ಮತ ಇದಕ್ಕೇ. ಕೂದಲಿಲ್ಲದ ಹಣೆಯಲ್ಲಷ್ಟೇ ಅಳೆಯುವವರಿಗೆ ಒಣದ್ದೇ ಸಾಕು.

ಯಾವುದನ್ನೇ ಕೊಳ್ಳಿ, ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಹದಗೆಟ್ಟರೆ ಮೊದಲು ಕಿವಿಯ ಹಾಲೆಗೆ ಸಿಕ್ಕಿಸಿದ ರೆಫರೆನ್ಸ್ ಕ್ಲಿಪ್ (ಎಲ್ಲ ಚಾನೆಲ್ಲುಗಳನ್ನೂ ಹೋಲಿಸಿ ಅಳೆಯುವ ಬಿಂದು) ಸಡಿಲವಾಗಿದೆಯೇ ನೋಡಿ. 50 ಹರ್ಟ್ಸ್‌ನಲ್ಲಿ ಶಿಖರ ಎದ್ದಿದ್ದರೆ ಅದು ಮನೆಯ ವಿದ್ಯುತ್ತಿನ ಗದ್ದಲ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ. ದೇಹದ ಸುರಕ್ಷತೆಗೂ ಅದೇ ಸರಿ. ಈ ಗದ್ದಲ ಸೋಸುವ ತಂತ್ರಾಂಶದ ಫಿಲ್ಟರ್ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ್ದರೆ 50ಕ್ಕೆ ಬದಲಿಸಿ. ಆಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಹಿಂದಲೆಯ ಎಲೆಕ್ಟ್ರೋಡಿನಲ್ಲಿ 8ರಿಂದ 12 ಹರ್ಟ್ಸ್‌ನ ಆಲ್ಫಾ ಅಲೆ ಮೇಲೆದ್ದರೆ ಸಂಪರ್ಕ ಕೂಡಿದೆ ಎಂದರ್ಥ.