ಟ್ರಿಗರ್‌ನ ಎರಡನೇ ಹಂತ: ಆನ್‌ಶುಟ್ಜ್ 1913 ರೈಫಲ್ಲಿನ ದೀರ್ಘ ಬಳಕೆಯ ವಿಮರ್ಶೆ

ಐವತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳಲ್ಲಿ ಆಸಕ್ತಿ ಇರುವವರಿಗೆ ಜರ್ಮನಿಯ ಆನ್‌ಶುಟ್ಜ್ ಸಂಸ್ಥೆಯ 1913 ಎಂಬ ಮಾದರಿಯ ತೂಕ, ನಳಿಗೆಯ ಉದ್ದ, ಸ್ಟಾಕಿನ (ಭುಜಕ್ಕೊರಗುವ ಹಿಡಿಭಾಗದ) ಹೊಂದಾಣಿಕೆಗಳು ಈಗಾಗಲೇ ತಿಳಿದಿರುತ್ತವೆ ಎಂದು ಭಾವಿಸಿ ಅವನ್ನೆಲ್ಲ ಬಿಡುತ್ತಿದ್ದೇನೆ. ನಾನು ಬರೆಯಲು ಕುಳಿತಿರುವುದು ಅದರ ಟ್ರಿಗರ್‌ಗಾಗಿ. ಕೊಳ್ಳುವಾಗ ನನ್ನ ಗಮನವೆಲ್ಲ ನಳಿಗೆಯ ನಿಖರತೆಯ ಮೇಲಿತ್ತು. ಹಲವು ವರ್ಷಗಳ ಬಳಕೆಯ ನಂತರ, ಒಂದು ಗುಂಡನ್ನೂ ಹಾರಿಸುವ ಅವಕಾಶವಿಲ್ಲದ ದಿನಗಳಲ್ಲೂ ನನ್ನನ್ನು ಪೆಟ್ಟಿಗೆಯತ್ತ ಕರೆಯುವುದು 5018 ಎಂಬ ಸಂಖ್ಯೆಯ ಆ ಎರಡು ಹಂತದ ಟ್ರಿಗರ್.

ಬೆರಳಿಟ್ಟು ಒತ್ತಿದಾಗ ಮೊದಲ ಹಂತದಲ್ಲಿ ಅದು ಹಗುರವಾಗಿ, ಒಂದೇ ಸಮನಾಗಿ ಹಿಂದಕ್ಕೆ ಸರಿದು ಒಂದು ಕಡೆ ನಿಲ್ಲುತ್ತದೆ. ಆ ನಿಲುಗಡೆ ಎಲ್ಲಿದೆ ಎಂಬುದರಲ್ಲಿ ಬೆರಳಿಗೆ ಯಾವ ಅನುಮಾನವೂ ಬರುವುದಿಲ್ಲ. ನಿನ್ನೆ ಎಲ್ಲಿ ನಿಂತಿತ್ತೋ ಇಂದೂ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾಗುವ ಒತ್ತಡ ಎಷ್ಟು ಕಡಿಮೆಯೆಂದರೆ, ಗುರಿ ಸರಿಯಾಗಿ ಕೂತಿದೆ ಎಂದು ಕಣ್ಣು ಒಪ್ಪುತ್ತಿರುವಾಗಲೇ ಕುದುರೆ (ಟ್ರಿಗರ್ ಹಿಡಿದಿಟ್ಟಿರುವ, ಕಾಡತೂಸನ್ನು ಹೊಡೆಯುವ ಭಾಗ) ಬಿಟ್ಟಿರುತ್ತದೆ. ಬಿಟ್ಟ ಮೇಲೆ ಬೆರಳು ಇನ್ನಷ್ಟು ಹಿಂದಕ್ಕೆ ಜಾರದಂತೆ ತಡೆಯಲು ಬೇರೆಯೇ ಒಂದು ಸ್ಕ್ರೂ ಇದ್ದು, ಅದನ್ನು ಒಮ್ಮೆ ಸರಿಯಾಗಿ ಹೊಂದಿಸಿಕೊಂಡರೆ ಮತ್ತೆ ಮುಟ್ಟುವ ಪ್ರಮೇಯವಿಲ್ಲ. ಐವತ್ತು ಮೀಟರ್ ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್ ಎಂಬುದನ್ನು ನೆನೆದರೆ, ಬೆರಳಿನ ಒಂದು ಸಣ್ಣ ಅದುರು ಎಷ್ಟು ಅಂಕ ಕಳೆಯಬಲ್ಲದು ಎಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾಗಿ ಸಂಜೆಯ ಅಭ್ಯಾಸವೇ ನನಗೆ ಈ ರೈಫಲ್ಲಿನ ನಿಜವಾದ ಸುಖ. ಕಾಡತೂಸುಗಳು ಬೇರೆ ಬೀಗದೊಳಗೆ ಇವೆಯೆಂದು ಮೊದಲು ನೋಡಿಕೊಳ್ಳುತ್ತೇನೆ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ತೆರೆದು ನಳಿಗೆಯ ಹಿಂಬದಿಯ ಕೋಣೆ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡು, ಹಾರಿಸಿ ಉಳಿದ ಒಂದು ಖಾಲಿ ಕೋಶವನ್ನು ಒಳಗಿಡುತ್ತೇನೆ. ಈ ರೈಫಲ್ ಬಳಸುವ ಪಾಯಿಂಟ್ ಟೂ ಟೂ (0.22 ಇಂಚಿನ) ಕಾಡತೂಸಿನಲ್ಲಿ ಸಿಡಿಮದ್ದು ಇರುವುದು ಅಂಚಿನ ಮಡಿಕೆಯೊಳಗಾದ್ದರಿಂದ ಫೈರಿಂಗ್ ಪಿನ್ ಬಡಿಯುವುದೂ ಆ ಅಂಚಿಗೇ. ಏನೂ ಇಡದೆ ಬಡಿಸುತ್ತಾ ಹೋದರೆ ಪಿನ್ನಿನ ತುದಿ ನಳಿಗೆಯ ಉಕ್ಕಿನ ಅಂಚಿಗೆ ತಗುಲುವ ಭಯವಿರುತ್ತದೆ. ಆನಂತರ ಗೋಡೆಯ ಮೇಲಿನ ಸಣ್ಣ ಕಪ್ಪು ಚುಕ್ಕೆಯನ್ನು ಮುಂದಿನ ಸೈಟಿನ ಉಂಗುರದೊಳಗೆ ತಂದುಕೊಂಡು, ಉಸಿರು ಅರ್ಧ ಬಿಟ್ಟು, ಮೊದಲ ಹಂತ ತೆಗೆದುಕೊಂಡು ಕಾಯುತ್ತೇನೆ. ಕುದುರೆ ಬಿಟ್ಟ ಕ್ಷಣದಲ್ಲಿ ಚುಕ್ಕೆ ಉಂಗುರದ ನಡುವಿನಲ್ಲೇ ಉಳಿದಿದ್ದರೆ ಆ ಸಂಜೆ ಸಾರ್ಥಕವೆನಿಸುತ್ತದೆ. ಬೋಲ್ಟಿನ ಹಿಡಿಯನ್ನು ಎತ್ತುವಾಗ ಎಣ್ಣೆ ಹಾಕಿದ ಹಳೆಯ ಬಾಗಿಲ ಚಿಲಕದಂತೆ ಅದು ಸದ್ದಿಲ್ಲದೆ ಹಿಂದಕ್ಕೆ ಬರುತ್ತದೆ.

ಇಂಥ ಪ್ರೀತಿ ಒಂದು ರೈಫಲ್ಲಿಗೆ ನಿಲ್ಲುವುದಿಲ್ಲ ಎಂಬುದು ಈ ಬ್ರ್ಯಾಂಡನ್ನು ಮೆಚ್ಚಿದ ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ಪೆಟ್ಟಿಗೆಗೂ 1913ರ ಹಿಂದೆಯೇ ಹಳೆಯ 1413 ಬಂತು, ಆಮೇಲೆ ಮಲಗಿ ಹೊಡೆಯುವವರಿಗಾಗಿ ಮಾಡಿದ 1411 ಬಂತು. ಎರಡೂ ‘ಮ್ಯಾಚ್ 54’ ಎಂಬ ಆ್ಯಕ್ಷನ್ನಿನ (ಬೋಲ್ಟು ಕೂರುವ ಮೂಲ ಯಂತ್ರಭಾಗದ) ಮೇಲೆ ಕಟ್ಟಿದವು. ಸಂಸ್ಥೆ ಇಷ್ಟು ವರ್ಷ ಈ ಮೂಲ ವಿನ್ಯಾಸವನ್ನು ಕೈಬಿಡದೆ ತಿದ್ದುತ್ತಾ ಬಂದಿರುವುದರಿಂದಲೇ ಹಳೆಯ ಆ್ಯಕ್ಷನ್ನನ್ನು ಇಂದಿನ ಅಲ್ಯೂಮಿನಿಯಂ ಸ್ಟಾಕಿಗೆ ಕೂರಿಸಿ ಸ್ಪರ್ಧೆಗೆ ಇಳಿಯುವವರು ಈಗಲೂ ಸಿಗುತ್ತಾರೆ. ಬ್ರ್ಯಾಂಡಿನ ಮೇಲಿನ ಅಭಿಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಾಣುವುದಿಲ್ಲ.

ಸಂಗ್ರಹಕಾರರಿಗೆ ಖುಷಿ ಕೊಡುವ ಇನ್ನೊಂದು ಸಂಗತಿ ನಳಿಗೆಯ ಮೇಲಿನ ಸಣ್ಣ ಗುರುತುಗಳು. ಯೂಲಿಯುಸ್ ಗಾಟ್‌ಫ್ರೀಡ್ ಆನ್‌ಶುಟ್ಜ್ 1856ರಲ್ಲಿ ತುರಿಂಗಿಯಾದ ಮೆಹ್ಲಿಸ್‌ನಲ್ಲಿ ಆರಂಭಿಸಿದ ಈ ಕಾರ್ಖಾನೆ ಎರಡನೇ ಮಹಾಯುದ್ಧದ ನಂತರ ಅಲ್ಲಿ ಉಳಿಯಲಿಲ್ಲ. 1950ರಲ್ಲಿ ಕುಟುಂಬದವರು ಉಲ್ಮ್ ನಗರದಲ್ಲಿ ಮತ್ತೆ ಮೊದಲಿನಿಂದ ಕಟ್ಟಿದರು. ಬಂದೂಕುಗಳ ಸುರಕ್ಷತೆಯನ್ನು ಪರೀಕ್ಷಿಸುವ ಉಲ್ಮ್‌ನ ಪರೀಕ್ಷಾಲಯದ ಮುದ್ರೆ ಜಿಂಕೆಯ ಕೊಂಬು. ಅದರ ಬಳಿಯಲ್ಲಿರುವ ಎರಡು ಅಕ್ಷರಗಳು ಪರೀಕ್ಷೆಯಾದ ವರ್ಷವನ್ನು ಹೇಳುತ್ತವೆ: ಎ ಎಂದರೆ ಸೊನ್ನೆ, ಬಿ ಎಂದರೆ ಒಂದು, ಹೀಗೆ ಮುಂದೆ ಹೋಗಿ, ಜೆ ಅಕ್ಷರವನ್ನು ಬಿಟ್ಟು, ಕೆ ಎಂದರೆ ಒಂಬತ್ತು. ನನ್ನ 1413ರ ಮೇಲೆ ಎಚ್ ಮತ್ತು ಎಫ್ ಇವೆ, ಅಂದರೆ 1975. ಭೂತಗನ್ನಡಿ ಹಿಡಿದು ಆ ಕೊಂಬನ್ನೂ ಅಕ್ಷರಗಳನ್ನೂ ಮೊದಲ ಸಲ ಓದಿದಾಗ ಆದ ಸಂತೋಷ ಇನ್ನೂ ಮಾಸಿಲ್ಲ.

ಆದರೆ ಸಂಗ್ರಹ ಬೆಳೆದ ಮೇಲೆ ಆ ಸಂತೋಷದ ಜೊತೆಗೇ ಒಂದು ಬೇಸರವೂ ಬೆಳೆಯಿತು, ಮತ್ತು ಅದಕ್ಕೆ ರೈಫಲ್ ಕಾರಣವಲ್ಲ. ಪಾಯಿಂಟ್ ಟೂ ಟೂ ಕಾಡತೂಸನ್ನು ದೊಡ್ಡ ರೈಫಲ್‌ಗಳ ಕಾಡತೂಸಿನ ಹಾಗೆ ನಾವೇ ತುಂಬಿಕೊಳ್ಳುವುದು ವ್ಯವಹಾರದಲ್ಲಿ ಆಗುವ ಮಾತಲ್ಲ. ಕಾರ್ಖಾನೆಯಿಂದ ಬಂದದ್ದನ್ನೇ ಹಾರಿಸಬೇಕು. ಒಂದೇ ಹೆಸರಿನ, ಒಂದೇ ಬಣ್ಣದ ಡಬ್ಬಿಯಾದರೂ ತಯಾರಿಕೆಯ ಲಾಟ್ (ಒಂದೇ ಸಲಕ್ಕೆ ತಯಾರಾದ ಸರಕು) ಬದಲಾದರೆ ಗುಂಡುಗಳು ಗುರಿಕಾಗದದಲ್ಲಿ ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದು ಬದಲಾಗುತ್ತದೆ, ಮತ್ತು ಒಂದು ನಳಿಗೆಗೆ ಒಪ್ಪಿದ ಲಾಟ್ ಪಕ್ಕದ ನಳಿಗೆಗೆ ಒಪ್ಪಬೇಕೆಂದಿಲ್ಲ. 1913 ಬಿಗಿಯಾಗಿ ಒಂದೇ ತೂತಿಗೆ ಸೇರಿಸಿದ ಕಾಡತೂಸುಗಳನ್ನು 1411 ಅಗಲವಾಗಿ ಚದುರಿಸಿತು. ಹಾಗಾಗಿ ರೈಫಲ್ ಒಂದು ಹೆಚ್ಚಾದರೆ ಪರೀಕ್ಷಿಸಿ, ಆರಿಸಿ, ಸಗಟಾಗಿ ಕೊಂಡಿಡಬೇಕಾದ ಲಾಟ್ ಕೂಡ ಒಂದು ಹೆಚ್ಚಾಗುತ್ತದೆ. ಒಮ್ಮೆ ಒಬ್ಬ ವ್ಯಾಪಾರಿ ನಾನು ಆರಿಸಿದ್ದ ಲಾಟಿನದೇ ಎಂದು ಹೇಳಿ ಕೊಟ್ಟ ಡಬ್ಬಿಗಳ ನಡುವೆ ಬೇರೆ ಸಂಖ್ಯೆಯ ಡಬ್ಬಿಗಳು ಸೇರಿದ್ದವು. ಅಂದಿನಿಂದ ಪ್ರತಿ ಡಬ್ಬಿಯ ಮುಚ್ಚಳವನ್ನು ಓದಿಯೇ ಹಣ ಕೊಡುತ್ತೇನೆ.

ನನ್ನಂಥ ಸೀಮಿತ ಬಜೆಟ್ಟಿನವರಿಗೆ ಇಲ್ಲಿಯೇ ಸಂಗ್ರಹದ ಲೆಕ್ಕ ತಲೆಕೆಳಗಾಗುತ್ತದೆ. ಮೂರು ರೈಫಲ್‌ಗಳಿಗೆ ಹಂಚಿಹೋದ ಹಣದಲ್ಲಿ ಯಾವುದಕ್ಕೂ ಸಾಕಷ್ಟು ಕಾಡತೂಸು ಉಳಿಯುವುದಿಲ್ಲ. ಮೂರರ ನಡುವೆ ಹಂಚಿಹೋದ ಅಭ್ಯಾಸದಲ್ಲಿ ಭುಜವೂ ಕೆನ್ನೆಯೂ ಯಾವ ಸ್ಟಾಕಿಗೂ ಪೂರ್ತಿ ಒಗ್ಗುವುದಿಲ್ಲ. ಮೂಲ ಪೆಟ್ಟಿಗೆ, ಮೂಲ ಕಾಗದಪತ್ರಗಳ ಸಮೇತ ಒಮ್ಮೆಯೂ ಹಾರಿಸದೆ ಇಟ್ಟುಕೊಳ್ಳುವವರ ಅಭಿಮಾನವನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಸ್ಪರ್ಧೆಗೆಂದೇ ಇಷ್ಟು ಎಚ್ಚರದಿಂದ ಮಾಡಿದ ಟ್ರಿಗರ್ ಬೀಗದೊಳಗೆ ಕೂತಿರುವುದನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕಾನೂನಿನ ಪ್ರಕಾರ ಪರವಾನಗಿಯ ವರ್ಗಾವಣೆ ಮುಗಿಸಿ 1411 ಅನ್ನು ಈಗ ತಾನೇ ಸ್ಪರ್ಧೆಗೆ ಇಳಿಯುತ್ತಿರುವ ಒಬ್ಬ ಯುವತಿಗೆ ಕೊಟ್ಟೆ. ಅದರ ನಳಿಗೆಗೆ ಒಪ್ಪುವ ಲಾಟನ್ನು ಆಕೆ ಕೆಲವೇ ವಾರಗಳಲ್ಲಿ ಹುಡುಕಿಕೊಂಡಳು. 1413 ಮಾತ್ರ ನನ್ನ ಬಳಿಯೇ ಇದೆ, ಮತ್ತು ಅದನ್ನೂ ಆಗಾಗ ಹಾರಿಸುತ್ತೇನೆ.

ನಿರ್ವಹಣೆಯಲ್ಲಿ ಎರಡು ವಿಷಯ ಮಾತ್ರ ಹೇಳಬೇಕು. ನಳಿಗೆಯನ್ನು ಹಿಂದಿನಿಂದಲೇ, ರಾಡಿಗೆ ದಾರಿ ತೋರುವ ಕೊಳವೆ ಹಾಕಿಯೇ ಶುಚಿ ಮಾಡಬೇಕು. ಬಾಯಿಯ ಅಂಚಿಗೆ ಗೀರು ಬಿದ್ದರೆ ನಿಖರತೆ ಹೋಯಿತು. ಶುಚಿಯಾದ ಮೇಲೆ ಮೊದಲ ಕೆಲವು ಗುಂಡುಗಳು ಎಲ್ಲೆಲ್ಲೋ ಬೀಳುವುದು ಸಹಜ, ಏಕೆಂದರೆ ಗುಂಡಿನ ಮೇಲಿನ ಮೇಣದಂಥ ಲೇಪ ನಳಿಗೆಯೊಳಗೆ ಮತ್ತೆ ಸಮನಾಗಿ ಹರಡಿದ ನಂತರವೇ ಅದು ನೆಲೆಗೆ ಬರುತ್ತದೆ. ಮರದ ಸ್ಟಾಕ್ ಇರುವವರು ತೇವ ಬದಲಾದಾಗಲೆಲ್ಲ ಆ್ಯಕ್ಷನ್ ಹಿಡಿದಿರುವ ಸ್ಕ್ರೂಗಳ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸುವುದು ಒಳ್ಳೆಯದು. ಮರ ಉಬ್ಬಿ ಕುಗ್ಗಿದ ಹಾಗೆ ಆ ಬಿಗಿಯೂ ಬದಲಾಗುತ್ತದೆ.

ಹಳೆಯದನ್ನು ಕೊಳ್ಳಲು ಯೋಚಿಸುತ್ತಿರುವವರು ಸ್ಟಾಕಿನ ಹೊಳಪನ್ನು ನೋಡಿ ತೀರ್ಮಾನಿಸಬಾರದು. ನಳಿಗೆಯ ಒಳಭಾಗವನ್ನೂ ಬಾಯಿಯ ಅಂಚನ್ನೂ ಬೆಳಕಿಗೆ ಹಿಡಿದು ನೋಡಿ, ಮಾಲೀಕರ ಅನುಮತಿ ಪಡೆದು, ಖಾಲಿ ಕೋಶ ಇಟ್ಟು ಟ್ರಿಗರನ್ನು ನಿಧಾನವಾಗಿ ಹಲವು ಸಲ ಒತ್ತಿ ನೋಡಬೇಕು. ಮೊದಲ ಹಂತ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಮಾತ್ರ ಬೆಲೆಯ ಮಾತು ಎತ್ತಬಹುದು.