ರೆಡಿ ಮಿಕ್ಸ್ ಕೂಲೆಂಟ್: ಕರಾವಳಿಯ ಕಾರಿಗೆ ಹಾಕಿದ ದುಡ್ಡು ದಂಡವಲ್ಲ

ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್ ಎರಡು ಬಗೆಯಲ್ಲಿ ಸಿಗುತ್ತದೆ: ನೀರು ಬೆರೆಸಿಯೇ ಬರುವ ರೆಡಿ ಮಿಕ್ಸ್, ನಾವೇ ಬೆರೆಸಬೇಕಾದ ಕಾನ್ಸಂಟ್ರೇಟ್. ಒಂದು ಲೀಟರ್ ಕಾನ್ಸಂಟ್ರೇಟ್ ಎರಡು ಲೀಟರ್ ಆಗುವುದರಿಂದ ಲೆಕ್ಕಕ್ಕೆ ಅದೇ ಅಗ್ಗ. ಹಾಗಿದ್ದೂ ಮಂಗಳೂರು, ಉಡುಪಿ ಕಡೆಯ ಕಾರುಗಳಿಗೆ ನಮ್ಮ ಮತ ರೆಡಿ ಮಿಕ್ಸ್‌ಗೆ. ಕಾರಣ ಇಲ್ಲಿಯ ಬಾವಿ ನೀರು.

ಮುರಕಲ್ಲಿನ ಬಾವಿಯ ನೀರು ಮೆದು, ಪಾತ್ರೆಯಲ್ಲಿ ಬಿಳಿ ಕಟ್ಟುವುದಿಲ್ಲ. ಹಾಗಾಗಿ ರೇಡಿಯೇಟರಿಗೂ ಒಳ್ಳೆಯದೆಂಬ ನಂಬಿಕೆ. ಆದರೆ ಅದು ಸಾಮಾನ್ಯವಾಗಿ ತುಸು ಆಮ್ಲೀಯ. ಕಡಲು, ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪೂ ಏರುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಂಥ ಕುಳಿ ಕೊರೆಯುತ್ತದೆ. ಇಂದಿನ ಕಾರುಗಳ ರೇಡಿಯೇಟರ್, ಸಿಲಿಂಡರ್ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಂನವೇ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಕಾನ್ಸಂಟ್ರೇಟ್‌ಗೆ ಡಿಸ್ಟಿಲ್ಡ್ ಇಲ್ಲವೆ ಡಿಮಿನರಲೈಸ್ಡ್ (ಲವಣ ತೆಗೆದ) ನೀರೇ ಆಗಬೇಕು.

ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಟೊಯೋಟಾದ ಸೂಪರ್ ಲಾಂಗ್ ಲೈಫ್ ಗುಲಾಬಿ, ಹೋಂಡಾದ ಟೈಪ್ 2 ನೀಲಿ. ಎರಡರಲ್ಲೂ ಸಿಲಿಕೇಟ್ (ತುಕ್ಕು ತಡೆಯಲು ಬೆರೆಸುವ ಒಂದು ಬಗೆಯ ಲವಣ) ಇಲ್ಲ. ಫೋಕ್ಸ್‌ವ್ಯಾಗನ್ ಜಿ13ರ ನೇರಳೆ ಕೂಲೆಂಟಿನಲ್ಲಿ ಸಿಲಿಕೇಟ್ ಇದೆ. ಕಾರಿನ ಮ್ಯಾನುಯಲ್ ಹೇಳಿದ ಸ್ಪೆಸಿಫಿಕೇಶನ್ ಡಬ್ಬದ ಮೇಲೆ ಇದೆಯೇ ಎಂಬುದೇ ಪರೀಕ್ಷೆ. ‘ಎಲ್ಲ ಕಾರಿಗೂ’ ಎಂದಷ್ಟೇ ಬರೆದು, ಗ್ಲೈಕಾಲ್ (ಕೂಲೆಂಟಿನ ಮೂಲ ದ್ರವ) ಪ್ರಮಾಣವನ್ನೂ ಸ್ಟಾಂಡರ್ಡ್ ನಂಬರನ್ನೂ ಹೇಳದ ಅಗ್ಗದ ಹಸಿರು ನೀರನ್ನು ಮುಟ್ಟದಿರುವುದೇ ಲೇಸು.

ಕೂಲೆಂಟಿಗೆ ಆಂಟಿಫ್ರೀಜ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರವ, ಎಂಬ ಹೆಸರೂ ಇದೆ; ನಮ್ಮ ಸೆಕೆಗೆ ಅದು ಯಾಕೆ ಎಂದು ಕೇಳುವವರಿದ್ದಾರೆ. ಕಾನ್ಸಂಟ್ರೇಟ್ ಮತ್ತು ನೀರಿನ 50:50 ಮಿಶ್ರಣ ಸುಮಾರು 108 ಡಿಗ್ರಿಗೆ ಕುದಿಯುತ್ತದೆ; 1.1 ಬಾರ್‌ನ ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದರೆ 125 ದಾಟುತ್ತದೆ. ತುಂಬಿದ ಕಾರು ಎಸಿ ಹಾಕಿಕೊಂಡು ಶಿರಾಡಿ, ಆಗುಂಬೆ ಘಾಟಿ ಹತ್ತುವಾಗ ಇದು ಬೇಕೇಬೇಕು. ತುಕ್ಕು ತಡೆಯುವ ರಾಸಾಯನಿಕಗಳೂ ಅದರಲ್ಲೇ ಇವೆ. ಹಾಗೆಂದು ಕಾನ್ಸಂಟ್ರೇಟನ್ನು ನೀರಿಲ್ಲದೆ ಸುರಿದರೆ ಶಾಖ ಸಾಗಿಸುವ ಶಕ್ತಿ ಕುಗ್ಗುತ್ತದೆ.

ರೆಡಿ ಮಿಕ್ಸ್ ಸೋಲುವುದು ಒಂದೇ ಕಡೆ: ನೀರಿನಿಂದ ಫ್ಲಶ್ ಮಾಡಿದಾಗ (ಒಳಗೆಲ್ಲ ತೊಳೆದಾಗ). ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿದರೂ ಎಂಜಿನ್ ಬ್ಲಾಕ್‌ನಲ್ಲಿ ಸಾಕಷ್ಟು ನೀರು ಉಳಿಯುತ್ತದೆ, ಅದರ ಮೇಲೆ ರೆಡಿ ಮಿಕ್ಸ್ ಹಾಕಿದರೆ ತೆಳುವಾಗುತ್ತದೆ. ಆಗ ಕಾನ್ಸಂಟ್ರೇಟ್ ಸರಿ: ಒಟ್ಟು 5 ಲೀಟರ್ ಹಿಡಿಯುವ ಸಿಸ್ಟಂಗೆ ಮೊದಲು 2.5 ಲೀಟರ್ ಅದು, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು. ಹಳೆಯದು ಅದೇ ಜಾತಿಯದಾಗಿದ್ದು ತಿಳಿಯಾಗಿದ್ದರೆ ಫ್ಲಶ್ ಬೇಡ, ಇಳಿಸಿ ರೆಡಿ ಮಿಕ್ಸ್ ತುಂಬಿದರೆ ಸಾಕು.

ತುಂಬುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಲ್ಲಿ ಕ್ಯಾಪ್ ತೆರೆದರೆ ಮುಖಕ್ಕೇ ಹಾರುತ್ತದೆ. ನಿಧಾನವಾಗಿ ಸುರಿದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಐಡಲ್‌ನಲ್ಲಿ ಬಿಡಿ. ಆರಿದ ಮೇಲೆ ರಿಸರ್ವಾಯರಿನ (ಹೆಚ್ಚುವರಿ ಕೂಲೆಂಟಿನ ಡಬ್ಬ) ಮಟ್ಟವನ್ನು ಲೋ ಮತ್ತು ಫುಲ್ ಗೆರೆಗಳ ನಡುವೆ ತನ್ನಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬಂದರೆ, ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ವಾಟರ್ ಪಂಪ್ ಕೆಳಗೆ ಒಣಗಿದ ಬಣ್ಣದ ಹೆಕ್ಕಳೆ ಕಂಡರೆ ಸೀಲ್ ಹೋಗುತ್ತಿದೆ. ರಿಸರ್ವಾಯರ್ ನೀರು ಹಾಲು ಹಾಕಿದ ಚಹಾದಂತಾದರೆ ಆಯಿಲ್ ಸೇರಿದೆ, ಕಾರು ಓಡಿಸಬೇಡಿ. ಆದರೆ ರೇಡಿಯೇಟರಿನ ಹೊರಗಿನ ಫಿನ್‌ಗಳು (ತೆಳು ಲೋಹದ ಪಟ್ಟಿಗಳು) ಪುಡಿಯಾದರೆ ಕೂಲೆಂಟನ್ನು ದೂರಬೇಡಿ. ಅದು ಉಪ್ಪುಗಾಳಿಯ ಕೆಲಸ. ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ನಿಲ್ಲುವ ಕಾರಿಗೆ ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲನೆ ಸಿಹಿನೀರು ಬಿಟ್ಟು ಫಿನ್ ತೊಳೆಯಿರಿ.

ಇಳಿಸಿದ ಕೂಲೆಂಟನ್ನು ತೆರೆದ ಬಾಲ್ದಿಯಲ್ಲಿ ಇಡಬೇಡಿ, ಬಾವಿಕಟ್ಟೆಯ ಬಳಿ ಚೆಲ್ಲಲೂ ಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ.